ಯಾವೂರ ಕುಲಕರ್ಣಿ? ಧಾರವಾಡ ಸೀಮೆಯ ಒಂದು ಅಡ್ಡಹೆಸರಿನ ಚರಿತ್ರೆ

ಧಾರವಾಡ, ಗದಗ, ಹಾವೇರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಕುಲಕರ್ಣಿ ಎಂಬ ಅಡ್ಡಹೆಸರಿನವರು ಎಲ್ಲ ಕಡೆ ಸಿಗುತ್ತಾರೆ. ಪಕ್ಕಪಕ್ಕದ ಎರಡು ಊರಿನ ಎರಡು ಕುಲಕರ್ಣಿ ಮನೆಗಳಿಗೆ ರಕ್ತಸಂಬಂಧ ಇರಬೇಕೆಂದಿಲ್ಲ, ಬಹುತೇಕ ಇರುವುದೂ ಇಲ್ಲ. ಇದು ಕುಲದ ಹೆಸರಲ್ಲ, ಹುದ್ದೆಯ ಹೆಸರು. ಊರಿಗೊಂದು ಲೆಕ್ಕದ ಹುದ್ದೆ ಇತ್ತು, ಅದನ್ನು ವಂಶಪಾರಂಪರ್ಯವಾಗಿ ನಡೆಸುತ್ತಿದ್ದ ಮನೆ ಆ ಊರಿನ ಕುಲಕರ್ಣಿ ಮನೆಯಾಯಿತು. ಆದ್ದರಿಂದಲೇ ಈ ಸೀಮೆಯಲ್ಲಿ ಕುಲಕರ್ಣಿ ಎಂದು ಹೇಳಿಕೊಂಡವರಿಗೆ ಎದುರಿಗಿದ್ದವರು ಮರುಮಾತಿಗೆ ಕೇಳುವ ಪ್ರಶ್ನೆ ಒಂದೇ: “ಯಾವೂರ ಕುಲಕರ್ಣ್ಯಾರ್ರಿ?” ಊರು ತಿಳಿಯದೆ ಹೆಸರು ಅರ್ಧ. ಮನೆತನದ ಚರಿತ್ರೆ ಹುಡುಕುವವರಿಗೂ ಮೊದಲು ಬೇಕಾದದ್ದು ಊರಿನ ಹೆಸರೇ.

ಶಬ್ದದ ಎರಡನೆಯ ಭಾಗದ ಬಗ್ಗೆ ತಕರಾರಿಲ್ಲ. ಕರಣ, ಕರಣಿಕ ಎಂದರೆ ಬರೆಯುವವನು, ಲೆಕ್ಕ ಇಡುವವನು. ಮೊದಲ ಭಾಗವನ್ನು ಕೆಲವರು ‘ಕುಲ’ ಅಂದರೆ ವಂಶ ಎಂದು ಬಿಡಿಸುತ್ತಾರೆ. ಅದಕ್ಕಿಂತ ಕನ್ನಡದ ‘ಕುಳ’ ಹೆಚ್ಚು ಹೊಂದುತ್ತದೆ. ಕುಳ ಎಂದರೆ ನೇಗಿಲಿನ ಕಬ್ಬಿಣದ ಮೊನೆ, ಹಾಗೆಯೇ ಕಂದಾಯ ಕೊಡುವ ರೈತ. ಹಣವಂತನನ್ನು ‘ದೊಡ್ಡ ಕುಳ’ ಎನ್ನುವುದು ಇದೇ ಅರ್ಥದ ಮೇಲೆ. ಒಬ್ಬೊಬ್ಬ ಕುಳದ ಹೆಸರಿನಲ್ಲಿ ಎಷ್ಟು ಹೊಲ, ಎಷ್ಟು ತೆರಿಗೆ, ಎಷ್ಟು ಬಾಕಿ ಎಂದು ಬರೆದಿಡುವವನು ಕುಳಕರಣಿ. ಚಾಲುಕ್ಯ, ಹೊಯ್ಸಳ ಕಾಲದ ಶಾಸನಗಳಲ್ಲಿ ಇದೇ ಕೆಲಸದವನನ್ನು ಸೇನಬೋವ ಎಂದು ಕರೆದಿದೆ. ಹಳೆ ಮೈಸೂರಿನ ಶಾನುಭೋಗ, ಕರಾವಳಿಯ ಶಾನಭಾಗ ಆ ಶಬ್ದದಿಂದ ಬಂದವು. ತುಂಗಭದ್ರೆಯ ಉತ್ತರಕ್ಕೆ ಆದಿಲಶಾಹಿ ಮತ್ತು ಮರಾಠಿ ಆಡಳಿತಗಳಲ್ಲಿ ದಫ್ತರದ ಭಾಷೆ ಬದಲಾದಾಗ ಹುದ್ದೆಯ ಹೆಸರೂ ಬದಲಾಗಿ ಕುಲಕರ್ಣಿ ನೆಲೆನಿಂತಿತು. ಗೌಡ ಪಾಟೀಲನಾದದ್ದೂ ಇದೇ ದಾರಿಯಲ್ಲಿ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಊರವರ ಬಾಯಲ್ಲಿ ಗೌಡರು, ಕಾಗದದಲ್ಲಿ ಪಾಟೀಲರು.

ಊರಿನ ಆಡಳಿತದಲ್ಲಿ ಗೌಡ ಮೊದಲಿಗ, ಕುಲಕರ್ಣಿ ಎರಡನೆಯವನು. ಗೌಡನ ಕೈಯಲ್ಲಿ ವಸೂಲಿ, ನ್ಯಾಯ, ಬಂದೋಬಸ್ತು. ಕುಲಕರ್ಣಿಯ ಕೈಯಲ್ಲಿ ಲೇಖನಿ. ಗೌಡನಿಗೆ ಓದುಬರಹ ಬಾರದ ಊರುಗಳಲ್ಲಿ ಅವನ ಹೆಸರಿನ ಮುಂದೆ ನೇಗಿಲಿನ ಗುರುತು ಬರೆದು, ಬರೆದವನು ಇಂಥ ಕುಲಕರ್ಣಿ ಎಂದು ಕೆಳಗೆ ಕಾಣಿಸುವ ರೂಢಿ ಇತ್ತು. ಈ ಇಬ್ಬರ ನಡುವಿನ ಸ್ನೇಹ ಮತ್ತು ಹಗೆಯೇ ಈ ಭಾಗದ ಊರುಗಳ ಅರ್ಧ ಇತಿಹಾಸ ಎಂದರೂ ತಪ್ಪಾಗದು. ಮೇಲೆ ಪರಗಣೆಯ ಮಟ್ಟದಲ್ಲಿಯೂ ಇಂಥದೇ ಜೋಡಿ: ಗೌಡರ ಮೇಲೆ ದೇಸಾಯಿ, ಕುಲಕರ್ಣಿಗಳ ಮೇಲೆ ದೇಶಪಾಂಡೆ ಅಥವಾ ನಾಡಗೀರ.

ಸಂಬಳದ ಬದಲು ಸಿಗುತ್ತಿದ್ದದ್ದು ವತನ. ಅದರಲ್ಲಿ ಮೂರು ಬಗೆ ಸೇರಿದ್ದವು: ಕಂದಾಯವಿಲ್ಲದ ಅಥವಾ ಜೂಡಿ ಎಂಬ ಕಡಿಮೆ ಕಂದಾಯದ ಇನಾಮು ಹೊಲ, ಊರಿನ ವಸೂಲಿಯಲ್ಲಿ ರುಸುಂ ಎಂಬ ನಗದು ಪಾಲು, ಸುಗ್ಗಿಯಲ್ಲಿ ಕಣದಿಂದ ಬರುವ ಕಾಳಿನ ಆಯ. ಬಡಿಗ, ಕಮ್ಮಾರ, ಅಗಸ, ತಳವಾರ ಮೊದಲಾದ ಆಯಗಾರರ ಸಾಲಿನಲ್ಲಿ ಕುಲಕರ್ಣಿಯೂ ಒಬ್ಬ. ವತನ ಒಬ್ಬನ ಸ್ವತ್ತಲ್ಲ, ಮನೆತನದ್ದು. ತಂದೆ ತೀರಿದಾಗ ಹೊಲದ ಜೊತೆ ಹುದ್ದೆಯೂ ಮಕ್ಕಳಲ್ಲಿ ಪಾಲಾಗುತ್ತಿತ್ತು. ಹುದ್ದೆಯನ್ನು ತುಂಡು ಮಾಡಲಾಗದು, ಹಾಗಾಗಿ ಇಷ್ಟು ವರ್ಷ ಹಿರಿಯನ ಮನೆ, ಇಷ್ಟು ವರ್ಷ ಕಿರಿಯನ ಮನೆ ಎಂದು ಪಾಳಿ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಒಂದು ಊರಿನಲ್ಲಿ ಆರೆಂಟು ಕುಲಕರ್ಣಿ ಮನೆಗಳು, ಒಂದೇ ದಫ್ತರ, ಮುಗಿಯದ ತಕ್ಷಿಮು ಜಗಳ. ಮನೆತನದ ಚರಿತ್ರೆಗೆ ಈ ಜಗಳದಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ. ಪಾಲು ಕೇಳಬೇಕಾದರೆ ಮೂಲಪುರುಷನಿಂದ ತನ್ನವರೆಗೆ ಕೊಂಡಿ ತಪ್ಪದೆ ಹೇಳಬೇಕಿತ್ತು, ಹೇಳಿದ್ದನ್ನು ಸರಕಾರ ಬರೆದುಕೊಂಡಿತು.

ಹುದ್ದೆ ಎಷ್ಟು ಹಳೆಯದಾದರೂ ಒಂದು ನಿರ್ದಿಷ್ಟ ಮನೆತನ ಆ ಹುದ್ದೆಯಲ್ಲಿ ಎಷ್ಟು ಹಿಂದಿನಿಂದ ಇದೆ ಎಂಬುದು ಸನದುಗಳಿಂದ ತಿಳಿಯಬೇಕು. ಧಾರವಾಡ ಸೀಮೆಯ ಮೇಲೆ ದೊರೆತನ ಮೇಲಿಂದ ಮೇಲೆ ಕೈ ಬದಲಿಸಿತು. ವಿಜಯನಗರದ ಬಳಿಕ ವಿಜಾಪುರದ ಆದಿಲಶಾಹಿ, 1686ರಲ್ಲಿ ವಿಜಾಪುರ ಬಿದ್ದ ಮೇಲೆ ಮೊಗಲರು, ಅವರ ಕೈಕೆಳಗಿನವರಾಗಿ ಸವಣೂರಿನ ನವಾಬರು, ಹದಿನೆಂಟನೆಯ ಶತಮಾನದ ನಡುವಿನಿಂದ ಪೇಶ್ವೆ, ಮಧ್ಯೆ ಹೈದರ್ ಮತ್ತು ಟಿಪ್ಪು, 1791ರ ಧಾರವಾಡದ ಮುತ್ತಿಗೆಯ ಬಳಿಕ ಮತ್ತೆ ಮರಾಠರು, 1817-18ರಲ್ಲಿ ಕಂಪನಿ ಸರಕಾರ. ಹೊಸ ದೊರೆ ಬಂದಾಗಲೆಲ್ಲ ವತನದಾರ ಹಳೆಯ ಸನದು ತೋರಿಸಿ, ನಜರಾಣೆ ಕೊಟ್ಟು, ಹೊಸದನ್ನು ಬರೆಸಿಕೊಳ್ಳಬೇಕು. ದೊರೆಗಳು ಹೋದರೂ ಕುಲಕರ್ಣಿ ಉಳಿದದ್ದಕ್ಕೆ ಕಾರಣ ಸರಳ: ಯಾವ ಹೊಲ ಯಾರದು, ಯಾರ ಬಾಕಿ ಎಷ್ಟು ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಮೊದಲನೆಯ ಇಬ್ರಾಹಿಂ ಆದಿಲಶಾಹ (1534-58) ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿ ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟನೆಂದು ಫೆರಿಶ್ತಾ ಬರೆದಿದ್ದಾನೆ. ಕುಲಕರ್ಣಿ ಮನೆತನಗಳಲ್ಲಿ ದೇಶಸ್ಥ ಬ್ರಾಹ್ಮಣರೇ ಹೆಚ್ಚಾಗಿರುವುದಕ್ಕೆ ಈ ಹಿನ್ನೆಲೆಯೂ ಸೇರುತ್ತದೆ. ಆದರೆ ಹೆಸರು ನೋಡಿ ಜಾತಿ ಹೇಳುವಂತಿಲ್ಲ. ಲೇಖನಿ ಹಿಡಿದ ಮನೆ ಲಿಂಗಾಯತರದಾದರೆ ಅಡ್ಡಹೆಸರು ಲಿಂಗಾಯತರಲ್ಲಿ ಉಳಿಯಿತು, ಜೈನರದಾದರೆ ಜೈನರಲ್ಲಿ.

ಹಳೆಯ ಕುಲಕರ್ಣಿ ಮನೆಯ ಅಟ್ಟದಲ್ಲಿ ಸಿಗುವ ಸಾಮಗ್ರಿ ಹೆಚ್ಚಾಗಿ ರುಮಾಲುಗಳು, ಅಂದರೆ ಬಟ್ಟೆಯಲ್ಲಿ ಗಂಟು ಕಟ್ಟಿದ ಕಾಗದದ ಕಟ್ಟುಗಳು. ಅದೃಷ್ಟವಿದ್ದರೆ ಕಡತವೂ ಸಿಗಬಹುದು. ಅದು ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಉದ್ದನೆಯ ಬಟ್ಟೆ. ಹಿಂದೆ ಮುಂದೆ ಮಡಚಿ ಪುಸ್ತಕದಂತೆ ಮಾಡಿ, ಬಳಪದಿಂದ ಬಿಳಿ ಅಕ್ಷರ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಕಡತ ನಿತ್ಯದ ಲೆಕ್ಕಕ್ಕೆ ಅನುಕೂಲ, ಚರಿತ್ರಕಾರನಿಗೆ ಕಷ್ಟ. ಕಾಗದಗಳು ಬಹುಪಾಲು ಮೋಡಿ ಲಿಪಿಯಲ್ಲಿವೆ. ಮೊದಲು ಹಾಳೆಯುದ್ದಕ್ಕೂ ಗೆರೆ ಎಳೆದು, ಲೇಖನಿ ಎತ್ತದೆ ಅದರ ಕೆಳಗೆ ಅಕ್ಷರ ತೂಗಹಾಕುತ್ತ ಹೋಗುವ ಲಿಪಿ ಅದು. ಪದ ಎಲ್ಲಿ ಮುಗಿಯಿತು ಎಂಬುದಕ್ಕೆ ಗುರುತಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ, ಕನ್ನಡದ ಎ-ಏ, ಒ-ಓ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಕನ್ನಡದ ಊರಿನ ಹೆಸರು, ಹೊಲದ ಹೆಸರು ಅದರಲ್ಲಿ ಸೇರಿದಾಗ ಊರಿನ ಸುತ್ತಮುತ್ತಲನ್ನು ಬಲ್ಲವರು ಮಾತ್ರ ಸರಿಯಾಗಿ ಓದಬಲ್ಲರು. ಮೋಡಿ ಕಲಿತು ಪುಣೆಯಿಂದ ಬಂದ ವಿದ್ವಾಂಸನಿಗಿಂತ ಊರ ಹೊಲಗಳಲ್ಲಿ ತಿರುಗಾಡಿದ ಮುದುಕನೇ ಇಲ್ಲಿ ಕೆಲಸಕ್ಕೆ ಬರುವ ಸಂದರ್ಭಗಳಿವೆ.

ಮುಂದಿನ ತೊಡಕು ಕಾಲಗಣನೆಯದು. ಒಂದೇ ಮನೆಯ ಕಾಗದಗಳಲ್ಲಿ ಶಕವರ್ಷ, ಸಂವತ್ಸರದ ಹೆಸರು, ಫಸಲಿ, ಸುಹೂರ್ ಸನ್ ನಾಲ್ಕೂ ಬರುತ್ತವೆ. ಶಕಕ್ಕೆ 78, ದಖನ್ನಿನ ಫಸಲಿಗೆ 590 ಕೂಡಿಸಿದರೆ ಕ್ರಿಸ್ತವರ್ಷ ಸಿಗುತ್ತದೆ. ಸುಹೂರ್ ಸನ್ ಅಂಕಿಯಲ್ಲಿರುವ ಬದಲು ಅರಬ್ಬಿ ಸಂಖ್ಯಾಪದಗಳಲ್ಲಿ ಇರುತ್ತದೆ: ‘ಸಬಾ ಸಬೈನ ಮಯಾ ವ ಅಲಫ’ ಎಂದರೆ ಏಳು, ಎಪ್ಪತ್ತು, ನೂರು, ಸಾವಿರ, ಒಟ್ಟು 1177. ಅದಕ್ಕೆ 599 ಕೂಡಿಸಿದರೆ 1776. ವರ್ಷದ ಆರಂಭ ಮೃಗಶಿರಾ ಮಳೆಯ ಹೊತ್ತಿಗಾದ್ದರಿಂದ ನಿಖರವಾಗಿ ಹೇಳುವುದಾದರೆ 1776-77. ಎಲ್ಲಕ್ಕಿಂತ ಮೋಸ ಮಾಡುವುದು ಬರೀ ಸಂವತ್ಸರದ ಹೆಸರು. ವಿಕಾರಿ ಸಂವತ್ಸರ 1719ರಲ್ಲೂ ಬಂತು, 1779ರಲ್ಲೂ, 1839ರಲ್ಲೂ. ಅರವತ್ತು ವರ್ಷ ಆಚೀಚೆಯಾದರೆ ವಂಶಾವಳಿಯಲ್ಲಿ ಎರಡು ತಲೆಮಾರು ತಪ್ಪಿಹೋಗುತ್ತವೆ.

ಕಂಪನಿ ಸರಕಾರ ಬಂದ ಮೇಲೆ ಕುಲಕರ್ಣಿಯ ಗುಟ್ಟು ಬಯಲಿಗೆ ಬರತೊಡಗಿತು. ಜಾರ್ಜ್ ವಿಂಗೇಟ್‌ನ ನೇತೃತ್ವದಲ್ಲಿ 1840ರ ದಶಕದಲ್ಲಿ ಧಾರವಾಡ ಜಿಲ್ಲೆಯ ಹೊಲಗಳ ಅಳತೆ ನಡೆಯಿತು. ಪ್ರತಿ ಹೊಲಕ್ಕೆ ನಂಬರು, ಬಾಂದುಕಲ್ಲು, ಮೂವತ್ತು ವರ್ಷಕ್ಕೆ ನಿಗದಿಯಾದ ಆಕಾರ, ಅಂದರೆ ಕಂದಾಯ. ಅಲ್ಲಿಯವರೆಗೆ ಕುಲಕರ್ಣಿಯ ತಲೆಯಲ್ಲಿದ್ದದ್ದು ಈಗ ನಕ್ಷೆಯಲ್ಲಿ ಇಳಿಯಿತು. ಅದೇ ಹೊತ್ತಿಗೆ ಇನಾಮು ಹೊಲಗಳ ಮೇಲೆ ಸರಕಾರದ ಕಣ್ಣು ಬಿದ್ದು ಇನಾಂ ಕಮಿಶನ್ ಆರಂಭವಾಯಿತು, 1852ರ ಹನ್ನೊಂದನೆಯ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ಇನಾಮು ಯಾವ ದೊರೆ ಕೊಟ್ಟದ್ದು, ಯಾವ ಸನದಿನಿಂದ, ಅಂದಿನಿಂದ ಇಂದಿನವರೆಗೆ ಯಾರು ಯಾರು ಉಂಡರು ಎಂದು ಪ್ರತಿಯೊಬ್ಬ ಇನಾಮುದಾರ ಕೈಫಿಯತ್ತು ಕೊಡಬೇಕಾಯಿತು. ದಕ್ಷಿಣ ಮರಾಠಾ ಸೀಮೆಯ ಮನೆತನಗಳಲ್ಲಿ ಇದು ಎಬ್ಬಿಸಿದ ಅಸಮಾಧಾನ 1857-58ರ ಬಂಡಾಯದ ಹಿನ್ನೆಲೆಯಲ್ಲಿ ಕಾಣುತ್ತದೆ. ಆದರೆ ಅದೇ ಕೈಫಿಯತ್ತುಗಳು ಈಗ ಮನೆತನಗಳಿಗೆ ಸಿಗುವ ಮೊದಲ ಕ್ರಮಬದ್ಧ ವಂಶಾವಳಿ. ಜೊತೆಗೆ ಕೊಟ್ಟ ಸನದುಗಳಲ್ಲಿ ಖೊಟ್ಟಿಯೂ ಇರಬಹುದೆಂಬುದನ್ನು ಮರೆಯಬಾರದು. ಹೊಲ ಉಳಿಸಿಕೊಳ್ಳಲು ಕೊಟ್ಟ ಹೇಳಿಕೆ ಚರಿತ್ರೆ ಬರೆಯಲೆಂದು ಕೊಟ್ಟದ್ದಲ್ಲ. ಪುಣೆಯಲ್ಲಿ ಪೇಶ್ವೆ ದಫ್ತರದ ಜೊತೆ ಇಂಥ ಕಾಗದಗಳು ದೊಡ್ಡ ಪ್ರಮಾಣದಲ್ಲಿ ಉಳಿದಿವೆ.

ದೇಸಾಯಿ, ದೇಶಪಾಂಡೆಗಳಂಥ ಪರಗಣೆ ವತನದಾರರ ಸೇವೆಯನ್ನು 1864ರ ಸುಮಾರಿಗೆ ಗಾರ್ಡನ್ ಸೆಟಲ್‌ಮೆಂಟಿನಲ್ಲಿ ಮುಗಿಸಲಾಯಿತು. ಅವರಿಗೆ ಹೊಲ ಉಳಿಯಿತು, ಕೆಲಸ ಹೋಯಿತು. ಊರ ಕುಲಕರ್ಣಿಯನ್ನು ಹಾಗೆ ಬಿಡುವಂತಿರಲಿಲ್ಲ, ಲೆಕ್ಕ ಬರೆಯಲು ಬೇರೆ ಜನ ಇರಲಿಲ್ಲ. ಆ ವ್ಯವಸ್ಥೆಗೆ 1874ರ ಮುಂಬಯಿ ವತನ ಕಾಯ್ದೆ ಚೌಕಟ್ಟು ಹಾಕಿತು. ಮೂಲ ವತನದಾರನಿಂದ ಕವಲೊಡೆದ ಪ್ರತಿ ಶಾಖೆಯೂ ಒಂದು ಕುಟುಂಬ, ಪ್ರತಿ ಶಾಖೆಗೆ ಒಬ್ಬ ಹಿರಿಯ, ಚಾಕರಿಗೆ ಅರ್ಹರಾದವರ ಹೆಸರು ರಜಿಸ್ಟರಿನಲ್ಲಿ. ವತನದ ಹೊಲವನ್ನು ಮನೆತನದ ಹೊರಗಿನವರಿಗೆ ಮಾರುವುದಕ್ಕೆ ತಡೆ. ತಾಲೂಕು ಕಚೇರಿಗಳ ಹಳೆಯ ಕಾಗದಗಳಲ್ಲಿ ಈ ಕಾಯ್ದೆಯ ಪ್ರಕರಣಗಳು ಸಿಕ್ಕರೆ ಹುಡುಕಾಟ ಅರ್ಧ ಮುಗಿದಂತೆ.

ಅಂಥ ಒಂದು ವಂಶಾವಳಿಯ ಹಾಳೆ ನೋಡಲು ಹೀಗಿರುತ್ತದೆ. ನೆತ್ತಿಯಲ್ಲಿ ಮೂಲಪುರುಷನ ಒಂಟಿ ಹೆಸರು, ಹೆಚ್ಚಾಗಿ ತಿಮ್ಮಪ್ಪ, ನರಸಪ್ಪ, ಭೀಮಾಜಿ ಎಂಬಂಥದು. ಅದರಿಂದ ಗೆರೆ ಇಳಿದು ಮೂರೋ ನಾಲ್ಕೋ ಮಕ್ಕಳು, ಅವರಿಂದ ಮತ್ತೆ ಗೆರೆಗಳು. ಕೆಳಗೆ ಬಂದಂತೆ ಹೆಸರುಗಳಿಗೆ ‘ಪಂತ’, ‘ರಾವ’ ಅಂಟಿಕೊಳ್ಳುತ್ತವೆ. ಕೆಲವು ಗೆರೆಗಳು ನಡುವೆಯೇ ನಿಂತು ಪಕ್ಕದಲ್ಲಿ ‘ನಿಸ್ಸಂತಾನ’ ಎಂದಿರುತ್ತದೆ. ಕೆಲವು ಹೆಸರುಗಳಿಗೆ ಎರಡು ಗೆರೆ: ಒಂದು ಹುಟ್ಟಿದ ಮನೆಯಿಂದ, ಇನ್ನೊಂದು ದತ್ತಕ ಹೋದ ಮನೆಯಿಂದ. ಅರ್ಜಿದಾರನ ಹೆಸರು ತೀರ ಕೆಳಗೆ, ಬದಿಯಲ್ಲಿ. ಹೆಣ್ಣುಮಕ್ಕಳು ಇಲ್ಲ. ವಿಧವೆಯರು ಮಾತ್ರ ‘ಕೋಂ’, ಅಂದರೆ ಇಂಥವರ ಹೆಂಡತಿ, ಎಂಬ ಗುರುತಿನ ಮುಂದೆ ಗಂಡನ ಹೆಸರಿನೊಡನೆ ಕಾಣಿಸಿಕೊಳ್ಳುತ್ತಾರೆ, ಅದೂ ದತ್ತಕ ತೆಗೆದುಕೊಳ್ಳುವ ಪ್ರಶ್ನೆ ಬಂದಲ್ಲಿ. ಈ ಗೈರುಹಾಜರಿಗೆ ರೂಢಿಯ ಜೊತೆ ಕಾನೂನೂ ಕಾರಣ. 1886ರ ತಿದ್ದುಪಡಿ ಕಾಯ್ದೆ ಕೊನೆಯ ಗಂಡು ಒಡೆಯನ ವಿಧವೆಯನ್ನು ಬಿಟ್ಟು ಮನೆತನದ ಉಳಿದ ಎಲ್ಲ ಹೆಂಗಸರನ್ನೂ ವತನದ ವಾರಸಾದಲ್ಲಿ ಗಂಡಸರ ಹಿಂದಕ್ಕೆ ತಳ್ಳಿತು. ಮಗಳ ಹೆಸರು ಬರೆಯಲು ಯಾರಿಗೂ ಕಾರಣ ಇರಲಿಲ್ಲ. ವಿಧವೆ ತೆಗೆದುಕೊಂಡ ದತ್ತಕ ನಿಲ್ಲುತ್ತದೆಯೇ ಬಿದ್ದುಹೋಗುತ್ತದೆಯೇ ಎಂಬ ಜಗಳಗಳಂತೂ ಈ ಜಿಲ್ಲೆಗಳಿಂದ ಹೊರಟು ಮುಂಬಯಿ ಹೈಕೋರ್ಟು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದವು.

ಹಾಳೆ ಸಿಕ್ಕರೂ ಅದನ್ನು ಓದುವಾಗ ಎಚ್ಚರ ಬೇಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದ ಭೀಮರಾವ ರಾಮರಾವ, ರಾಮರಾವ ಭೀಮರಾವ, ಮತ್ತೆ ಭೀಮರಾವ ರಾಮರಾವ ಎಂದು ಎರಡೇ ಹೆಸರು ನೂರೈವತ್ತು ವರ್ಷ ಅದಲುಬದಲಾಗುತ್ತ ಬರುತ್ತವೆ. 1830ರ ಕಾಗದದ ಭೀಮರಾವ ರಾಮರಾವ ಮತ್ತು 1890ರವನು ಒಬ್ಬನೇ ಅಲ್ಲ, ಅಜ್ಜ ಮೊಮ್ಮಕ್ಕಳು. ಸಾಲದ್ದಕ್ಕೆ ಸೋದರರ ಮನೆಗಳಲ್ಲಿಯೂ ಅದೇ ಅಜ್ಜನ ಹೆಸರು. ಬಿಡಿಸುವ ಉಪಾಯ ಹೊಲದ ನಂಬರು ಹಿಡಿದು ಹೋಗುವುದು. ಮನುಷ್ಯರ ಹೆಸರು ಮರುಕಳಿಸಬಹುದು, ಸರ್ವೇ ನಂಬರು ಮರುಕಳಿಸುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಕ್ಕುದಾಖಲೆ ಜಾರಿಗೆ ಬಂದ ಮೇಲೆ ಯಾವ ನಂಬರು ಯಾರಿಂದ ಯಾರಿಗೆ, ವಾರಸಾದಿಂದಲೋ ವಾಟ್ನಿಯಿಂದಲೋ ಖರೀದಿಯಿಂದಲೋ ಬಂತು ಎಂಬುದು ಉತಾರದಲ್ಲಿ, ಫೇರಫಾರು ಎಂಬ ಖಾತೆ ಬದಲಾವಣೆಯ ವಹಿಯಲ್ಲಿ ಸಾಲುಸಾಲಾಗಿ ಸಿಗುತ್ತದೆ.

ಹೊಲದ ಕಾಗದ ಮುಗಿದಲ್ಲಿ ಬೇರೆ ಗುರುತುಗಳು ಬೇಕಾಗುತ್ತವೆ. ಬ್ರಾಹ್ಮಣ ಕುಲಕರ್ಣಿಗಳಲ್ಲಿ ಗೋತ್ರ ಒಂದು ಜರಡಿ. ಎರಡು ಮನೆಗಳ ಗೋತ್ರ ಬೇರೆಯಾದರೆ, ದತ್ತಕದ ಕಥೆ ಇಲ್ಲದಿದ್ದರೆ, ಮೂಲಪುರುಷ ಒಬ್ಬನೇ ಆಗಿರಲಾರ. ಗೋತ್ರ ಒಂದೇ ಆದ ಮಾತ್ರಕ್ಕೆ ಒಂದೇ ಮನೆ ಎಂದೂ ಆಗುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದದ್ದು ಕುಲದೇವರು. ತಿರುಪತಿಯ ವೆಂಕಟರಮಣ ಎಷ್ಟೋ ಮನೆಗಳಿಗೆ ಸಾಮಾನ್ಯ, ಅವನಿಂದ ಹೆಚ್ಚು ತಿಳಿಯದು. ಆದರೆ ಒಂದು ಮನೆಗೆ ದೂರದ ಒಂದು ಸಣ್ಣ ಊರಿನ ನರಸಿಂಹನೋ ಹನುಮಪ್ಪನೋ ಕುಲದೇವರಾಗಿದ್ದರೆ, ಕುಲಕರ್ಣಿಕೆ ಸಿಗುವ ಮೊದಲು ಆ ಮನೆತನ ಆ ಕಡೆಯಿಂದ ಬಂದಿರುವ ಸಂಭವ ಬಲವಾಗುತ್ತದೆ. ಮೂರನೆಯ ಗುರುತು ತೀರ್ಥಕ್ಷೇತ್ರಗಳ ಪುರೋಹಿತರ ವಹಿಗಳು. ಕಾಶಿ, ಗಯಾ, ನಾಸಿಕ, ತ್ರ್ಯಂಬಕಗಳಿಗೆ ಹೋದವರು ಅಲ್ಲಿಯ ಕ್ಷೇತ್ರಪುರೋಹಿತರ ವಹಿಯಲ್ಲಿ ಊರು, ಗೋತ್ರ, ತಂದೆ-ಅಜ್ಜ-ಮುತ್ತಜ್ಜರ ಹೆಸರು, ಜೊತೆಗೆ ಬಂದವರ ಹೆಸರು ಬರೆದು ಸಹಿ ಹಾಕುತ್ತಿದ್ದರು. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರೂ ಹೇಳಬೇಕಾದ್ದರಿಂದ, ಕಚೇರಿಯ ವಂಶಾವಳಿ ಬಿಟ್ಟುಬಿಟ್ಟ ಹೆಂಗಸರು ಪುರೋಹಿತರ ಬಾಯಲ್ಲಿ, ಮನೆಯ ಹಿರಿಯರ ನೆನಪಿನಲ್ಲಿ ಉಳಿದುಕೊಂಡಿದ್ದಾರೆ.

ಹುದ್ದೆಯ ಹೆಸರು ಅಡ್ಡಹೆಸರಾಗಿ ಗಟ್ಟಿಯಾದದ್ದು ಬ್ರಿಟಿಷ್ ಕಾಲದಲ್ಲಿ. ಅದಕ್ಕೆ ಮೊದಲು ಕಾಗದಗಳಲ್ಲಿ ‘ಮೌಜೆ ಇಂಥಾದರ ಕುಲಕರ್ಣಿ’ ಎಂದು ಊರಿನೊಡನೆಯೇ ಬರುತ್ತಿತ್ತು. ಅದು ಅಧಿಕಾರದ ಗುರುತು. ಮುಂಬಯಿ ಇಲಾಖೆಯ ಶಾಲೆ, ಕೋರ್ಟುಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಅಂಕಣ ತುಂಬಬೇಕಾಯಿತು. ಪಾಳಿಯೇ ಬಾರದ ಕಿರಿಯ ಶಾಖೆಯ ಹುಡುಗ, ಲೆಕ್ಕದ ವಹಿ ಮುಟ್ಟದೆ ಸಾಲಿಮಾಸ್ತರನಾದವನು ಕೂಡ ಕುಲಕರ್ಣಿ ಎಂದು ಬರೆಸಿದ ದಿನದಿಂದ ಅದು ಅಡ್ಡಹೆಸರು. ಕೆಲವರು ಅದೇ ಅಂಕಣದಲ್ಲಿ ಊರಿನ ಹೆಸರು ಬರೆಸಿದರು. ಹೀಗಾಗಿ ಒಬ್ಬ ತಂದೆಯ ಇಬ್ಬರು ಮಕ್ಕಳಲ್ಲಿ ಹಿರಿಯವ ಕುಲಕರ್ಣಿ, ಕಿರಿಯವ ಊರಹೆಸರಿನವ ಆದ ನಿದರ್ಶನಗಳು ಈ ಭಾಗದಲ್ಲಿ ಹೊಸತಲ್ಲ. ಸಾಹಿತ್ಯದಲ್ಲಿ ಗಳಗನಾಥರೆಂದು ಹೆಸರಾದವರು ವೆಂಕಟೇಶ ತಿರಕೋ ಕುಲಕರ್ಣಿ. ವರದಾ ತುಂಗಭದ್ರೆಗಳ ಸಂಗಮದ ಗಳಗನಾಥ ಊರು ಅವರ ಹೆಸರನ್ನೇ ಮರೆಸಿತು. ‘ಗ್ರಾಮಾಯಣ’ ಬರೆದ ರಾವಬಹಾದ್ದೂರರೂ ಕುಲಕರ್ಣಿಗಳೇ. ಹುಡುಕುವವರು ಒಂದೇ ಅಡ್ಡಹೆಸರಿಗೆ ಅಂಟಿಕೊಂಡರೆ ಅರ್ಧ ಮನೆತನ ಕೈಬಿಟ್ಟುಹೋಗುತ್ತದೆ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಸರಕಾರ ಕುಲಕರ್ಣಿ ವತನಗಳಿಂದ ಚಾಕರಿಯನ್ನು ಬೇರ್ಪಡಿಸಿ ಸಂಬಳದ ತಲಾಟಿಗಳನ್ನು ನೇಮಿಸತೊಡಗಿತು. ವತನದಾರರು ವಿರೋಧಿಸಿದರು, ಆದರೆ ಅಷ್ಟು ಹೊತ್ತಿಗೆ ಇಂಗ್ಲಿಷ್ ಕಲಿತ ಮಕ್ಕಳು ಹುಬ್ಬಳ್ಳಿ, ಪುಣೆ, ಮುಂಬಯಿಗಳಲ್ಲಿ ನೌಕರಿಗೆ ಸೇರಿದ್ದರು. ಮುಂಬಯಿ ಪರಗಣೆ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯ್ದೆ 1950ರಲ್ಲಿ ಅಂಗೀಕಾರವಾಗಿ 1951ರ ಮೇ 1ರಿಂದ ಜಾರಿಗೆ ಬಂತು. ವತನದ ಹೊಲ ಸರಕಾರದ್ದಾಯಿತು, ನಿಗದಿಯಾದ ಹಣ ಕಟ್ಟಿದವರಿಗೆ ಮರಳಿ ಮಂಜೂರಾಯಿತು. ಹಳೆ ಮೈಸೂರಿನ ಶಾನುಭೋಗಿಕೆ ಹತ್ತು ಹನ್ನೆರಡು ವರ್ಷ ಹೆಚ್ಚು ಬಾಳಿ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ 1963ರಲ್ಲಿ ಹೋಯಿತು. ಉಳಿದ ಹೊಲಗಳಲ್ಲಿ ಲಾವಣಿಗೆ ಕೊಟ್ಟವು 1974ರ ಭೂಸುಧಾರಣೆಯಲ್ಲಿ ಉಳುವವನ ಪಾಲಾದವು. ಆ ಕಾಲದ ಭೂನ್ಯಾಯಮಂಡಳಿಯ ಕಾಗದಗಳು ಎಷ್ಟೋ ಕುಲಕರ್ಣಿ ಮನೆಗಳು ತಮ್ಮ ಊರಿನ ದಾಖಲೆಯಲ್ಲಿ ಕಾಣಿಸಿಕೊಂಡ ಕೊನೆಯ ಸಂದರ್ಭ.

ಅಲ್ಲಿಂದ ಮುಂದೆ ವಂಶಾವಳಿಯ ಗೆರೆಗಳು ತೆಳುವಾಗುತ್ತವೆ. ಪಾಲಿಲ್ಲದ ಮೇಲೆ ದಾಯಾದಿ ಯಾರೆಂದು ನೆನಪಿಡುವ ಅಗತ್ಯ ಯಾರಿಗಿದೆ? 1700ರ ಮುತ್ತಜ್ಜಂದಿರನ್ನು ಹೆಸರಿಸಬಲ್ಲ ಮನೆಗಳು 1960ರ ಬಳಿಕ ಚದುರಿದ ಸೋದರರ ಮಕ್ಕಳನ್ನು ಹೇಳಲಾರವು. ಊರಿನಲ್ಲಿ ಉಳಿದಿರುವುದು ‘ಕುಲಕರ್ಣ್ಯಾರ ಓಣಿ’, ‘ಕುಲಕರ್ಣ್ಯಾರ ಬಾವಿ’ ಎಂಬ ಹೆಸರುಗಳು, ಕೆಲವೆಡೆ ಬಾಗಿಲು ಹಾಕಿದ ಮನೆ. ಈಗ ಆಸ್ತಿ ಖಾತೆ ಬದಲಿಸಲು ವಂಶವೃಕ್ಷ ಬೇಕಾದವರು ನಾಡಕಚೇರಿಗೆ ಅರ್ಜಿ ಹಾಕುತ್ತಾರೆ. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ ಆ ಹಾಳೆಯಲ್ಲಿ ಮಗಳ ಹೆಸರು ಬಿಡುವಂತಿಲ್ಲ. ಊರಿಗೆ ಬಂದು ವಿಚಾರಿಸಿ ವರದಿ ಕೊಡುವವನು ಕುಲಕರ್ಣಿಯ ಕುರ್ಚಿಯಲ್ಲಿ ಕೂತ ಗ್ರಾಮ ಆಡಳಿತ ಅಧಿಕಾರಿ. ಧಾರವಾಡ ಕಡೆಯವರು ಅವನನ್ನು ಇನ್ನೂ ತಲಾಟಿ ಎಂದೇ ಕರೆಯುತ್ತಾರೆ. ಕುಲಕರ್ಣಿಗಳ ವಂಶವೃಕ್ಷಕ್ಕೂ ಈಗ ಅವನದೇ ವರದಿ ಬೇಕು.